ಯಾವ ಪಟ್ಟಿಗೂ ಸೇರದ ಹೆಣ್ಣುಮಕ್ಕಳು

1881ರ ಫೆಬ್ರವರಿಯ ಜನಗಣತಿಯ ಹಾಳೆಯಲ್ಲಿ ಊನಗಳಿಗೆಂದೇ ಒಂದು ಅಂಕಣವಿತ್ತು. ಹುಚ್ಚರು, ಹುಟ್ಟು ಕಿವುಡು-ಮೂಗರು, ಕುರುಡರು, ಕುಷ್ಠರೋಗಿಗಳು. ನಾಲ್ಕೇ ಬಗೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳುವವನು ಮನೆಯ ಯಜಮಾನ. ಒಳಗೆ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವ, ಯಾರ ಜೊತೆಗೂ ನಾಲ್ಕು ಮಾತಾಡದ, ದಿನಾಲೂ ಅದೇ ಗಂಗಾಳದಲ್ಲಿ ಅದೇ ಹೊತ್ತಿಗೇ ಉಣ್ಣಬೇಕೆನ್ನುವ, ಮದುವೆಯ ಬಾಜಾಬಜಂತ್ರಿ ಶುರುವಾದೊಡನೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಕೂರುವ ತಂಗಿಯೋ ಮಗಳೋ ಒಬ್ಬಳಿದ್ದರೆ, ಆಕೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುತ್ತಿರಲಿಲ್ಲ. ಯಜಮಾನ ‘ಯಾರೂ ಇಲ್ಲರೀ’ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಈ ನಾಲ್ಕರ ಪಟ್ಟಿ 1931ರವರೆಗೂ ನಡೆಯಿತು. 1941ರಲ್ಲಿ ಕೈಬಿಟ್ಟರು. 1981ರಲ್ಲಿ ಅಂಗವಿಕಲರ ಲೆಕ್ಕ ಮತ್ತೆ ಬಂತು, 1991ರಲ್ಲಿ ಹೋಯಿತು, 2001ರಲ್ಲಿ ಮತ್ತೆ ಬಂತು. 2011ರಲ್ಲಿ ಬಗೆಗಳು ಎಂಟಾದವು. ಆ ಎಂಟರಲ್ಲೂ ಆಟಿಸಂಗೆ, ಅಂದರೆ ಬೆರೆಯುವ, ಮಾತಾಡುವ, ಸದ್ದು-ಸ್ಪರ್ಶ ತಾಳುವ ಬಗೆಯೇ ಹುಟ್ಟಿನಿಂದ ಬೇರೆಯಾಗಿರುವ ಸ್ಥಿತಿಗೆ, ಪ್ರತ್ಯೇಕ ಜಾಗ ಇರಲಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಮೂವತ್ತು ನಲವತ್ತು ದಾಟಿದ ಹೆಣ್ಣುಮಗಳೊಬ್ಬಳು ಇವತ್ತು ‘ನನಗೂ ಆಟಿಸಂ ಇರಬಹುದೇ, ಡಾಕ್ಟರ ಹತ್ತಿರ ಹೋಗಿ ಕೇಳಲೇ’ ಎಂದು ಯೋಚಿಸಿದರೆ ಸುತ್ತಲಿನವರಿಗೆ ಅದು ಹೊಸ ಕಾಲದ ಖಯಾಲಿಯಂತೆ ಕಾಣುತ್ತದೆ. ಪ್ರಶ್ನೆ ಹೊಸದು, ನಿಜ. ಆದರೆ ಆಕೆಗೆ ಅದನ್ನು ಕೇಳುವುದು ಇಷ್ಟು ಕಷ್ಟವಾಗಿರುವುದಕ್ಕೆ ಈ ಸೀಮೆಯಲ್ಲೇ ನೂರೆಂಬತ್ತು ವರ್ಷಗಳ ಇತಿಹಾಸವಿದೆ. ಮನಸ್ಸಿನ ವಿಷಯದಲ್ಲಿ ಸರ್ಕಾರವಿರಲಿ, ಮಠವಿರಲಿ, ಆಸ್ಪತ್ರೆಯಿರಲಿ, ಇಲ್ಲಿ ಬಾಗಿಲು ತೆರೆದದ್ದು ಎರಡೇ ಬಗೆಯವರಿಗೆ: ಊರಿಗೆ ಕಾಟ ಕೊಡುವವರಿಗೆ, ಬಹಳ ತಡವಾಗಿ ಮಕ್ಕಳಿಗೆ. ಯಾರಿಗೂ ಕಾಟ ಕೊಡದೆ ಬೆಳೆದು ದೊಡ್ಡವಳಾದ ಹೆಣ್ಣು ಎರಡರಲ್ಲೂ ಇಲ್ಲ.

ಮೊದಲ ಬಾಗಿಲು ಧಾರವಾಡದ್ದು. ಅಲ್ಲಿ ಹುಚ್ಚಾಸ್ಪತ್ರೆ ಆರಂಭವಾದದ್ದು 1845ರಲ್ಲಿ. ಆಗ ಈ ಪ್ರದೇಶವೆಲ್ಲ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಮುಂದೆ ಕೆಲಕಾಲ ಕಲಾದಗಿಯೇ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಕಚೇರಿಗಳು ಬಿಜಾಪುರಕ್ಕೆ ಹೋದವು. ಹೆಸರು, ಕೇಂದ್ರ ಎಷ್ಟೇ ಬದಲಾದರೂ ತಲೆ ಕೆಟ್ಟವರನ್ನು ಸಾಗಿಸುವ ದಾರಿ ಮಾತ್ರ ಧಾರವಾಡದ ಕಡೆಗೇ ಇತ್ತು. 1858ರ ಹುಚ್ಚಾಸ್ಪತ್ರೆಗಳ ಕಾಯ್ದೆ ಪೊಲೀಸರಿಗೆ ಒಪ್ಪಿಸಿದ ಕೆಲಸ ಸ್ಪಷ್ಟ: ಹುಚ್ಚರೆಂದು ತೋರುವ, ಬೀದಿಯಲ್ಲಿ ಅಂಕೆಯಿಲ್ಲದೆ ತಿರುಗುವವರನ್ನು, ಇತರರಿಗೆ ಅಪಾಯ ತರುವವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು. 1912ರಲ್ಲಿ ಬಂದ ಹೊಸ ಕಾಯ್ದೆಯೂ ಇದೇ ದಾರಿ ಹಿಡಿಯಿತು. ಹೀಗೆ ಬೀದಿಯಿಂದ ಹಿಡಿದು ತಂದರೆ ಹಾಜರಿ ಪುಸ್ತಕದಲ್ಲಿ ಗಂಡಸರೇ ತುಂಬುವುದು ಸಹಜ. ಹೆಣ್ಣು ಅಂಕೆಯಿಲ್ಲದೆ ತಿರುಗುವುದಕ್ಕೆ ಮೊದಲು ಹೊಸ್ತಿಲು ದಾಟಬೇಕಲ್ಲ.

ಆ ಆಸ್ಪತ್ರೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಡಿಮ್ಹಾನ್ಸ್ ಎಂದರೆ ಎಲ್ಲರಿಗೂ ಗೊತ್ತು. ಆದರೆ ಜಗಳದಲ್ಲಿ ‘ನಿನ್ನ ಧಾರವಾಡಕ್ಕ ಕಳಸಬೇಕು ನೋಡು’ ಎನ್ನುವ ಬೈಗುಳ ಇನ್ನೂ ಸವೆದಿಲ್ಲ. ಓದಿದ ಹೆಣ್ಣುಮಗಳೊಬ್ಬಳು ತಾನಾಗಿಯೇ ಧಾರವಾಡದ ಬಸ್ಸು ಹತ್ತಲು ಹಿಂಜರಿದರೆ ಅದಕ್ಕೆ ಆಕೆಯ ಅಜ್ಞಾನ ಕಾರಣವಲ್ಲ.

ಹಾಗಾದರೆ ಮನೆಯೊಳಗಿದ್ದವರು ಹೇಗೆ ಬದುಕಿದರು? ಇಳಕಲ್, ಗುಳೇದಗುಡ್ಡದಂಥ ನೇಕಾರಿಕೆಯ ಊರುಗಳಲ್ಲಿ ಇದಕ್ಕೆ ಸಿಗುವ ಉತ್ತರದ ಅರ್ಧ ಭಾಗ ಮಗ್ಗದ್ದೇ. ಕುಣಿಮಗ್ಗದಲ್ಲಿ ಕೂತು ನೇಯುವವನು ಹೆಚ್ಚಾಗಿ ಗಂಡಸು. ಅವನ ಮುಂದೆ ಹಿಂದೆ ನಡೆಯಬೇಕಾದ ಕೆಲಸವೆಲ್ಲ ಹೆಂಗಸರದು. ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು, ತುಂಡಾದ ಎಳೆ ಕೂಡಿಸುವುದು, ಮತ್ತೆ ಕೊಂಡಿ. ಇಳಕಲ್ ಸೀರೆಯ ಗುಟ್ಟು ಇರುವುದೇ ಈ ಕೊಂಡಿಯಲ್ಲಿ. ಇದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯ ಕುಣಿಕೆಯನ್ನು ಸಿಕ್ಕಿಸುತ್ತ, ಇಡೀ ಅಗಲಕ್ಕೆ ಒಂದೂ ತಪ್ಪದಂತೆ ಜೋಡಿಸುತ್ತ ಹೋಗಬೇಕು. ಹಾಗಾಗಿ ಹತ್ತು ಸೀರೆಗೆ ಒಂದೇ ಹಾಸು ಹೂಡುವ ಅನುಕೂಲ ಇಲ್ಲಿಲ್ಲ. ಒಂದು ಸೀರೆಗೆ ಒಂದು ಹಾಸು, ಪ್ರತಿ ಸಲವೂ ಮೊದಲಿನಿಂದ. ಒಂದು ಎಳೆ ಬಿಟ್ಟುಹೋದರೆ ಸೆರಗಿನ ಟೋಪ ತೆನಿ ವಿನ್ಯಾಸದ ಸಾಲು ಕೆಡುತ್ತದೆ. ಇಲ್ಲಿ ಬೇಕಾದದ್ದು ಎಣಿಕೆ, ತಾಳ್ಮೆ, ಕಣ್ಣಿನ ಹಟ. ಬೇಡದ್ದು ಮಾತು.

ಮಾತು ಕಡಿಮೆ ಇದ್ದು, ಒಂದೇ ಬಗೆಯ ಕೆಲಸದಲ್ಲಿ ಮೈಮರೆಯುವ ಹೆಣ್ಣಿಗೆ ಇಂಥ ಮನೆಯಲ್ಲಿ ಒಂದು ಜಾಗವಿತ್ತು. ‘ಆಕಿ ಯಾರ ಗೊಡವಿಗೂ ಹೋಗಂಗಿಲ್ಲ, ತನ್ನ ಪಾಡಿಗೆ ತಾನಿರ್ತಾಳ’ ಎನ್ನುವುದು ದೂರಾಗಿರಲಿಲ್ಲ, ಎಷ್ಟೋ ಸಲ ಹೊಗಳಿಕೆಯೇ ಆಗಿತ್ತು. ಹಾಗೆಂದು ಮಗ್ಗದ ಮನೆಯನ್ನು ಸ್ವರ್ಗ ಮಾಡಿ ಬರೆಯುವುದೂ ತಪ್ಪು. ಲಾಳಿಯ ಖಟಖಟ ಬೆಳಗಿನಿಂದ ಸಂಜೆಯವರೆಗೆ ನಿಲ್ಲದು. ಎರಡು ಖೋಲಿಯಲ್ಲಿ ಏಳೆಂಟು ಮಂದಿ, ಒಬ್ಬಳೇ ಕೂರಲು ಮೂಲೆಯಿಲ್ಲ, ಗಂಜಿಯ ವಾಸನೆ ಬೇರೆ. ಸದ್ದು, ವಾಸನೆ, ಸ್ಪರ್ಶಕ್ಕೆ ಮೈ ಉರಿಯುವ ಜೀವಕ್ಕೆ ಅದು ಹಿಂಸೆಯೂ ಆಗಿದ್ದಿರಬೇಕು. ಸಿಟ್ಟು ಒಮ್ಮೆಲೇ ಒಡೆದು ಅಳುವಾದಾಗ ಆಕೆಗೆ ಸಿಕ್ಕ ಹೆಸರು ‘ಸಿಡುಕಿ’.

ಸಿಡುಕು ಅತಿಯಾದರೆ ದೇವರು. ಬಾದಾಮಿಯ ಬನಶಂಕರಿ, ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಇಳಕಲ್ಲಿನ ಮುರ್ತುಜಾ ಖಾದ್ರಿಯವರ ದರ್ಗಾ. ಜಾತಿ ಮತ ನೋಡದೆ ಮಂದಿ ಎಲ್ಲ ಕಡೆಗೂ ನಡೆದರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಈ ಹರಕೆಗಳಲ್ಲಿ ಒಂದಕ್ಕೆ ಮಾತ್ರ ಇತಿಹಾಸದಲ್ಲಿ ಕ್ರೂರ ಅಧ್ಯಾಯವೇ ಇದೆ. ಹುಡುಗಿಯ ಕೂದಲು ಜಡೆಗಟ್ಟಿದರೆ ಎಲ್ಲಮ್ಮ ಕರೆದಳೆಂದು ಅರ್ಥ ಮಾಡಿ ಅವಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿಸುವ ರೂಢಿ ಈ ಸೀಮೆಯಲ್ಲಿ ಬಹುಕಾಲ ನಡೆದಿತ್ತು. ಬಾಂಬೆ ಸರ್ಕಾರ 1934ರಲ್ಲಿ, ಕರ್ನಾಟಕ ಸರ್ಕಾರ 1982ರಲ್ಲಿ ಇದರ ವಿರುದ್ಧ ಕಾನೂನು ಮಾಡಬೇಕಾಯಿತು. ಜಡೆಗಟ್ಟುವುದಕ್ಕೆ ಬಡತನ, ಎಣ್ಣೆ-ನೀರಿನ ಕೊರತೆ, ಹೇನು ಎಲ್ಲವೂ ಕಾರಣ. ತಲೆಗೆ ಬಾಚಣಿಗೆ ತಾಗಿದರೆ ಚೀರುವ, ಯಾರಿಗೂ ತಲೆ ಮುಟ್ಟಗೊಡದ ಹುಡುಗಿಯರೂ ಅವರಲ್ಲಿ ಇದ್ದಿರಬಹುದು ಎಂಬ ಯೋಚನೆ ಇಂದು ಆಟಿಸಂ ಬಗ್ಗೆ ಓದಿದವರಿಗೆ ಬಾರದೆ ಇರದು. ಆದರೆ ಅದು ಯೋಚನೆ ಅಷ್ಟೆ. ಸತ್ತವರಿಗೆ ರೋಗ ಹಚ್ಚುವ ಕೆಲಸ ಇತಿಹಾಸಕಾರನದಲ್ಲ. ಶರಣೆಯರನ್ನೂ ಸಂತರನ್ನೂ ಎಳೆದು ತಂದು ‘ಇವರಿಗೂ ಅದೇ ಇತ್ತು’ ಎನ್ನುವ ಈಚಿನ ಉತ್ಸಾಹಕ್ಕೂ ಇದೇ ಮಾತು.

ಮನಸ್ಸಿನ ಸಂಕಟವನ್ನು ಬೀದಿಗೆ ತಂದು ಮಾತಾಡುವ ಧೈರ್ಯ ಈ ನಾಡಿಗೆ ಇರಲಿಲ್ಲವೆಂದಲ್ಲ. ಇಳಕಲ್ಲಿನ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳುಕಡಿಯಲ್ಲ, ಚಟ. ಕುಡಿತ, ಗುಟಕಾ, ಬೀಡಿ ಏನಿದೆಯೋ ಜೋಳಿಗೆಗೆ ಹಾಕಿ ಎಂದು ಊರೂರು ತಿರುಗಿದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮನೆಯ ಮಾನದ ಪ್ರಶ್ನೆಯಾಗಿದ್ದ ಸಂಗತಿಯನ್ನು ಹೀಗೆ ಅಂಗಳದಲ್ಲಿ ನಿಂತು ಆಡುವಂತೆ ಮಾಡಿದ್ದು ದೊಡ್ಡ ಕೆಲಸ. ಆದರೆ ಇಲ್ಲಿಯೂ ಎದುರಿಗಿದ್ದವನು ಕಾಟ ಕೊಡುವ ಗಂಡಸೇ. ಇನ್ನೊಂದು ವ್ಯತ್ಯಾಸವೂ ಇದೆ: ಜೋಳಿಗೆಗೆ ಬೀಳುವುದು ಬಿಡಬಹುದಾದದ್ದು. ಆಟಿಸಂ ಹುಟ್ಟಿನಿಂದ ಬಂದ ಮಿದುಳಿನ ರೀತಿ, ಬಿಟ್ಟುಬಿಡುವಂಥದ್ದಲ್ಲ.

ಇನ್ನು ಆಟಿಸಂನ ಕಥೆ. ಅದು ಬೇರೆ ದೇಶಗಳಲ್ಲಿ ಹುಟ್ಟಿದರೂ ಅದರೊಳಗಿನ ಗಂಡು-ಹೆಣ್ಣಿನ ಲೆಕ್ಕ ಇಲ್ಲಿಯದಕ್ಕಿಂತ ಬೇರೆಯಲ್ಲ. ಮಾಸ್ಕೋದ ಮಕ್ಕಳ ಮನೋವೈದ್ಯೆ ಗ್ರೂನ್ಯಾ ಸುಖಾರೆವಾ 1925ರಲ್ಲಿ ಆರು ಗಂಡುಮಕ್ಕಳ ಬಗ್ಗೆ ಬರೆದ ವಿವರಣೆ ಇವತ್ತಿನ ಆಟಿಸಂ ವರ್ಣನೆಗೆ ಬೆರಗಾಗುವಷ್ಟು ಹತ್ತಿರದ್ದು. ಎರಡು ವರ್ಷದ ನಂತರ ಆಕೆ ಐವರು ಹೆಣ್ಣುಮಕ್ಕಳ ಬಗ್ಗೆಯೂ ಬರೆದರು. ಅವರಲ್ಲಿ ಲಕ್ಷಣಗಳು ತೋರುವ ಬಗೆ ಬೇರೆ ಎಂದು ಗುರುತಿಸಿದರು. ಹುಡುಗಿಯರ ಮೇಲಿನ ಆ ಬರಹವನ್ನು ಜಗತ್ತು ಗಮನಿಸಿದ್ದು ಈಚಿನ ವರ್ಷಗಳಲ್ಲಿ. ಪ್ರಸಿದ್ಧಿಗೆ ಬಂದದ್ದು ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ ಬರೆದ ಹನ್ನೊಂದು ಮಕ್ಕಳ ವೃತ್ತಾಂತ: ಎಂಟು ಗಂಡು, ಮೂರು ಹೆಣ್ಣು. ಮರುವರ್ಷ ವಿಯೆನ್ನಾದಲ್ಲಿ ಹನ್ಸ್ ಆಸ್ಪರ್ಗರ್ ವಿವರವಾಗಿ ಬರೆದದ್ದು ನಾಲ್ವರ ಬಗ್ಗೆ, ನಾಲ್ವರೂ ಹುಡುಗರು. ವೈದ್ಯರ ಕಣ್ಣಿಗೆ ಆಟಿಸಂ ಎಂದರೆ ಗಂಡುಮಗು ಎಂದು ಕೂತುಬಿಟ್ಟಿತು. ಹುಡುಗರನ್ನು ನೋಡಿ ಮಾಡಿದ ಅಳತೆಗೋಲಿನಲ್ಲಿ ಹುಡುಗಿಯರನ್ನು ಅಳೆದು, ಹುಡುಗಿಯರಲ್ಲಿ ಕಡಿಮೆ ಎಂದರು. ಲಂಡನ್ನಿನ ಲೋರ್ನಾ ವಿಂಗ್ 1981ರಲ್ಲಿ ಆಸ್ಪರ್ಗರನ ಕೆಲಸವನ್ನು ಇಂಗ್ಲಿಷ್ ಓದುಗರ ಮುಂದಿಟ್ಟ ಮೇಲೆ, ಚೆನ್ನಾಗಿ ಮಾತಾಡುವ ಬುದ್ಧಿವಂತರಲ್ಲೂ ಆಟಿಸಂ ಇರಬಹುದೆಂಬ ತಿಳಿವು ಹರಡಿತು. ನಾಲ್ಕು ಗಂಡಿಗೆ ಒಂದು ಹೆಣ್ಣು ಎಂಬ ಹಳೆಯ ಲೆಕ್ಕ, ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ವಿಶ್ಲೇಷಣೆಯಲ್ಲಿ ಮೂರಕ್ಕೆ ಒಂದರ ಸುಮಾರಿಗೆ ಇಳಿಯಿತು. ಹೆಣ್ಣುಮಕ್ಕಳು ಬೇರೆಯವರನ್ನು ನೋಡಿ ನೋಡಿ ನಗುವುದು, ತಲೆಯಾಡಿಸುವುದು, ಕುಶಲ ಕೇಳುವುದು ಕಲಿತು ತಮ್ಮ ಕಷ್ಟ ಮುಚ್ಚಿಕೊಳ್ಳುತ್ತಾರೆ ಎಂಬುದರ ಮೇಲೂ ಅದೇ ಹೊತ್ತಿಗೆ ಸಂಶೋಧನೆಗಳು ಬಂದವು.

ಮುಚ್ಚಿಕೊಳ್ಳುವುದನ್ನು ಕಲಿಸಲು ಹುನಗುಂದದ ಮನೆಗಳಿಗೆ ಯಾವ ಸಂಶೋಧನೆಯೂ ಬೇಕಿರಲಿಲ್ಲ. ಸೆರಗು ಹೊದ್ದುಕೋ, ತಲೆ ತಗ್ಗಿಸು, ಹಿರಿಯರೆದುರು ಕಣ್ಣೆತ್ತಬೇಡ, ಕೇಳಿದಷ್ಟಕ್ಕೆ ‘ಹೂಂರಿ’ ಅನ್ನು, ಬೀಗರು ಬಂದರೆ ಚಹಾ ಕೊಟ್ಟು ಒಳಗೆ ಹೋಗು. ಸೊಸೆಯಾಗುವವಳಿಗೆ ಇಷ್ಟು ಬಂದರೆ ಸಾಕಿತ್ತು. ಎದುರಿನವರ ಮುಖ ನೋಡಿ ಮಾತಾಡಲು ಬರದ ಹುಡುಗಿಗೆ ಈ ನಿಯಮಗಳು ಒಂದು ರೀತಿ ಆಸರೆಯೇ ಆಗಿದ್ದವು. ಇದೇ ಆಸರೆ ಈಗ ಪರೀಕ್ಷೆಯ ಕೋಣೆಯಲ್ಲಿ ತೊಡಕು. ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ಹೊರತಂದ ಭಾರತೀಯ ಆಟಿಸಂ ಮಾಪಕದಲ್ಲಿ, ಅಂದರೆ ಐಸಾದಲ್ಲಿ, ನಲವತ್ತು ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. 70 ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಮೊದಲ ಅಂಶವೇ ಕಣ್ಣಿಗೆ ಕಣ್ಣು ಕೊಡುತ್ತಾರೋ ಇಲ್ಲವೋ ಎಂಬುದು. ಮುಂದೆ ಒಂಟಿಯಾಗಿ ಅದೇ ಆಟ ಆಡುತ್ತಿರುತ್ತಾರೆಯೇ, ಸರತಿ ಕಾಯುತ್ತಾರೆಯೇ, ಓರಗೆಯವರ ಜೊತೆ ಸ್ನೇಹ ಉಳಿಸಿಕೊಳ್ಳುತ್ತಾರೆಯೇ ಎಂದೆಲ್ಲ ಬರುತ್ತದೆ. ಓದುತ್ತ ಹೋದರೆ ಕಣ್ಮುಂದೆ ಮಗುವೇ ನಿಲ್ಲುತ್ತದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಕಣ್ಣೆತ್ತದಿದ್ದರೆ ಅದು ಲಕ್ಷಣವೋ ಸಂಸ್ಕಾರವೋ? ಇಲ್ಲಿನ ರೀತಿ ಬಲ್ಲ ವೈದ್ಯರು ಮಾತ್ರ ಬಿಡಿಸಬಲ್ಲ ಗಂಟು ಇದು.

ಕಾನೂನು ಕಣ್ಣು ತೆರೆದದ್ದೂ ನಿಧಾನವಾಗಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂತು, 2016ರ ಕಾಯ್ದೆಯ ಇಪ್ಪತ್ತೊಂದು ಬಗೆಗಳಲ್ಲಿ ಒಂದಾಯಿತು. ಇತ್ತ ಎರಡನೆಯ ಬಾಗಿಲಾಗಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಿಗೆ ಹೋಗಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಿಸುತ್ತದೆ. ಆಟಿಸಂ ಅದರ ಪಟ್ಟಿಯಲ್ಲಿದೆ. ಹದಿನೆಂಟು ದಾಟಿದ ಮೇಲೆ ಹುಡುಕಿಕೊಂಡು ಬರುವವರು ಯಾರೂ ಇಲ್ಲ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮವಿದೆ. ಬಾಗಲಕೋಟೆಯಲ್ಲೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಿಂದ ಇದೆ. ಆದರೆ ಖಿನ್ನತೆ, ಸ್ಕಿಜೋಫ್ರೇನಿಯಾ, ಕುಡಿತದ ರೋಗಿಗಳು ಸಾಲುಗಟ್ಟಿ ನಿಂತಿರುವ ಹೊರರೋಗಿ ವಿಭಾಗದಲ್ಲಿ, ನೆಟ್ಟಗೆ ಬಂದು ನೆಟ್ಟಗೆ ಮಾತಾಡುವ ಹೆಣ್ಣುಮಗಳ ಬಾಲ್ಯವನ್ನು ಒಂದೂವರೆ ತಾಸು ಕೂತು ಕೇಳಲು ಪುರುಸೊತ್ತು ಎಲ್ಲಿಂದ ಬರಬೇಕು? ಎಷ್ಟೋ ಮಂದಿ ಆತಂಕಕ್ಕೆ ಮಾತ್ರೆ ಬರೆಸಿಕೊಂಡು ಹೊರಬೀಳುವುದು ಇಲ್ಲಿನ ಕಥೆಯಷ್ಟೇ ಅಲ್ಲ. ಸ್ಕಾಟ್ಲೆಂಡಿನ ಹಾಡುಗಾರ್ತಿ ಸೂಸನ್ ಬಾಯ್ಲ್‌ಗೆ ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ ಎಂದು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದರು. ಅದು ಆಸ್ಪರ್ಗರ್ ಸಿಂಡ್ರೋಮ್, ಅಂದರೆ ಆಟಿಸಂನ ಒಂದು ಬಗೆ ಎಂದು ಗೊತ್ತಾದಾಗ ಆಕೆಗೆ ಐವತ್ತು ದಾಟಿತ್ತು. 2013ರಲ್ಲಿ ಅದನ್ನು ಹೊರಗೆ ಹೇಳುವಾಗ ಆಕೆ ತೋರಿಸಿದ್ದು ನಿರಾಳ.

ಇಷ್ಟು ಕಾಲ ಬಾರದ ಪ್ರಶ್ನೆ ಈಗೇಕೆ ಬಂತು? ಎಲ್ಲರೂ ಮೊಬೈಲಿನತ್ತ ಕೈ ತೋರಿಸುತ್ತಾರೆ. ಅದೂ ಒಂದು ಕಾರಣ. ಆದರೆ ಮೊದಲ ಕಾರಣ ಮಗ್ಗ ಮನೆ ಬಿಟ್ಟದ್ದು. ಸೀರೆಯಂಥ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯ್ದೆ ಬಂದರೂ ವಿದ್ಯುತ್ ಮಗ್ಗದ ನಕಲಿ ಸೀರೆ ನಿಲ್ಲಲಿಲ್ಲ. ಕುಣಿಗಳು ಮುಚ್ಚಿದವು, ಮೇಲೆ ಪರಸಿ ಹಾಸಿದರು. ಗಂಡಸರು ಗ್ರಾನೈಟ್ ಪಾಲಿಶ್‌ಗೋ ಬೆಂಗಳೂರಿಗೋ ಹೋದರು, ಹೆಣ್ಣುಮಕ್ಕಳು ಡಿ.ಇಡಿ., ಬಿ.ಕಾಂ. ಓದಿದರು. ಅತ್ತ ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋಗಿ, ಹೆಸರಿನಿಂದ ಗುರುತಿದ್ದ ಮನೆಗಳವರು ನವನಗರದ ಸೆಕ್ಟರ್ ನಂಬರುಗಳಿಗೆ ಬಂದು ನೆಲೆಸಿದರು. ಅಜ್ಜಿಗೆ ಕಂಡಿಕೆ ಸುತ್ತುತ್ತ ಕಳೆಯಬಹುದಾಗಿದ್ದ ದಿನವನ್ನು ಮೊಮ್ಮಗಳು ಸ್ಟಾಫ್ ರೂಮಿನಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಕಳೆಯಬೇಕು. ಅಲ್ಲಿ ಕೇಳುವುದೆಲ್ಲ ಮಾತೇ: ಸಂದರ್ಶನ, ಫೋನು, ಮೀಟಿಂಗು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ. ಅಜ್ಜಿಯ ಮೌನ ಗುಣವೆನಿಸಿತ್ತು. ಮೊಮ್ಮಗಳದು ಸೊಕ್ಕು ಎನಿಸಿಕೊಂಡಿತು.

ಎರಡನೆಯ ಕಾರಣ ಮಕ್ಕಳು. ಶಾಲೆಯ ತಪಾಸಣೆಯಲ್ಲಿ ಮಗನ ಹೆಸರು ಬಂದು ತಾಯಿ ಡಾಕ್ಟರ ಮುಂದೆ ಕೂರುತ್ತಾಳೆ. ಅಂಗಿಯ ಲೇಬಲ್ ಚುಚ್ಚುತ್ತದೆ ಎನ್ನುತ್ತಾನೆಯೇ, ಕುಕ್ಕರ್ ಸೀಟಿಗೆ ಹೆದರುತ್ತಾನೆಯೇ, ಹೇಳದೆ ಕೇಳದೆ ನೆಂಟರು ಬಂದರೆ ಏನು ಮಾಡುತ್ತಾನೆ ಎಂದು ಅವರು ಕೇಳುತ್ತ ಹೋದಂತೆ, ಆಕೆ ಉತ್ತರ ಹೇಳುವುದು ಮಗನ ಬಗ್ಗೆ, ನೆನೆಯುವುದು ತನ್ನನ್ನು. ಜಗತ್ತಿನ ಎಲ್ಲೆಡೆ ದೊಡ್ಡ ವಯಸ್ಸಿನ ಅನೇಕ ಹೆಂಗಸರು ಆಟಿಸಂನ ಪ್ರಶ್ನೆಗೆ ಬಂದು ಸೇರಿದ ದಾರಿ ಇದೇ.

ಪ್ರಶ್ನೆ ಬಂದ ಮೇಲೆ ಪರೀಕ್ಷೆ ಬೇಕೇ? ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಅವರ ಭಯ ಕಾನೂನಿನ ಪುಸ್ತಕದಲ್ಲೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣ. 1976ರ ತಿದ್ದುಪಡಿ ಆ ಪದದ ವ್ಯಾಪ್ತಿಯನ್ನು ಮನಸ್ಸಿನ ಬೆಳವಣಿಗೆ ಕುಂಠಿತವಾಗುವುದರಿಂದ ಹಿಡಿದು ಮನಸ್ಸಿನ ‘ಬೇರಾವುದೇ’ ಊನದವರೆಗೆ ಚಾಚಿತು. ಮೂರ್ಛೆರೋಗವಿದ್ದವರ ಮದುವೆಗೆ ಇದ್ದ ಅಡ್ಡಿಯನ್ನು ತೆಗೆಯಲು 1999 ಬರಬೇಕಾಯಿತು ಎಂದರೆ ಈ ಕಾಯ್ದೆಯ ಸ್ವಭಾವ ತಿಳಿಯುತ್ತದೆ. ರೋಗದ ಹೆಸರೊಂದೇ ಸಾಲದು, ಕೂಡಿ ಬಾಳಲಾಗದಷ್ಟು ತೀವ್ರವೆಂದು ಸಿದ್ಧವಾಗಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ರಾಮನಾರಾಯಣ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಅದು ಕೋರ್ಟಿನ ಮಾತಾಯಿತು. ಮಗಳಿಗೆ ವರ ನೋಡುವ ಹೊತ್ತಿಗೆ ‘ತಾಯಿಗೇನೋ ಐತಂತ’ ಎಂಬ ಸುದ್ದಿ ಕೋರ್ಟಿನವರೆಗೆ ಹೋಗುವುದಿಲ್ಲ.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಒಂದೇ ಎಂದು ತಿಳಿದು ಹಿಂದೆ ಸರಿಯುವವರೇ ಹೆಚ್ಚು. ಪರೀಕ್ಷೆ ಬೇರೆ, ಪ್ರಮಾಣಪತ್ರ ಬೇರೆ. ತನ್ನ ಬಗ್ಗೆ ತಿಳಿಯಲು ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಂಡು ಬಂದರೆ ಅದು ಆಕೆ ಮತ್ತು ವೈದ್ಯರ ನಡುವಿನ ವಿಷಯ. ಗುಟ್ಟು ಕಾಯುವುದು ವೈದ್ಯರ ಹೊಣೆ. ನೌಕರಿಯಲ್ಲಿ ಮೀಸಲಾತಿ, ಮಾಸಾಶನದಂಥ ಸೌಲಭ್ಯ ಬೇಕೆಂದಾಗಷ್ಟೇ ಐಸಾ ಅಂಕ, ವೈದ್ಯಕೀಯ ಮಂಡಳಿ, ಶೇ. 40ರ ಊನದ ಲೆಕ್ಕ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು. ಸಂಸಾರ, ನೌಕರಿ ಎರಡನ್ನೂ ತೂಗಿಸಿಕೊಂಡು ಬಂದ ಹೆಣ್ಣುಮಗಳು ಆ ಲೆಕ್ಕ ಮುಟ್ಟದೆಯೂ ಇರಬಹುದು, ಅವಳಿಗೆ ಅದು ಬೇಡವಾಗಿಯೂ ಇರಬಹುದು. ಆಕೆಗೆ ಬೇಕಾದದ್ದು ಬಹುಶಃ ಇಷ್ಟೇ: ಇಷ್ಟು ವರ್ಷ ಸೊಕ್ಕಿನವಳು, ಸಿಡುಕಿ, ಮಂದಿಯೊಳಗೆ ಬೆರೆಯದವಳು ಅನ್ನಿಸಿಕೊಂಡದ್ದಕ್ಕೆ ತನ್ನ ತಪ್ಪಲ್ಲದ ಒಂದು ಕಾರಣ ಇತ್ತೋ ಇಲ್ಲವೋ. ಮದುವೆಮನೆಯಿಂದ ಬಂದು ಎರಡು ದಿನ ಹಾಸಿಗೆ ಹಿಡಿಯುವುದು ನಾಟಕವಲ್ಲವೆಂದು ಗಂಡನಿಗೆ ಹೇಳಲು ಒಂದು ಮಾತು.

ಹೆಸರು ಹೇಳದೆ ಮೊದಲ ಮಾತಾಡಬಯಸುವವರಿಗೆ 2022ರ ಅಕ್ಟೋಬರಿನಿಂದ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಪೂರ್ತಿ ತಪಾಸಣೆಗೆ ಬಾಗಲಕೋಟೆ, ಧಾರವಾಡ, ಅಲ್ಲೂ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಎಲ್ಲಿಗೆ ಹೋದರೂ ಕೇಳುವುದು ಬಾಲ್ಯವನ್ನು. ಆಟಿಸಂ ಎನ್ನಬೇಕಾದರೆ ಲಕ್ಷಣಗಳು ಚಿಕ್ಕಂದಿನಿಂದಲೇ ಇದ್ದವೆಂದು ಗೊತ್ತಾಗಬೇಕು. ಜನಗಣತಿಯಲ್ಲಿ ಇಲ್ಲದ, ಆಸ್ಪತ್ರೆಯ ಹಾಜರಿಯಲ್ಲಿ ಇಲ್ಲದ, ಶಾಲೆಯ ದಾಖಲೆಯಲ್ಲಿ ‘ಶಾಂತ ಸ್ವಭಾವ’ ಎಂದಷ್ಟೇ ಇರುವ ಹೆಣ್ಣುಮಗಳ ಬಾಲ್ಯಕ್ಕೆ ಸಾಕ್ಷಿ ಒಬ್ಬಳೇ, ಹಡೆದವ್ವ. ಮಾತು ಯಾವಾಗ ಬಂತು, ಓಣಿಯ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡಿದಳೇ, ಖಣದ ಕುಪ್ಪಸದ ಹೊಲಿಗೆ ಚುಚ್ಚಿ ಜಾತ್ರೆಯ ದಿನ ರಂಪ ಮಾಡಿದ್ದು ಹೌದೇ ಎಂಬುದಕ್ಕೆಲ್ಲ ಉತ್ತರ ಅವಳ ಹತ್ತಿರ ಮಾತ್ರ. ನಲವತ್ತೈದರ ಮಗಳಿದ್ದರೆ ಅವ್ವನಿಗೆ ಎಪ್ಪತ್ತರ ಆಸುಪಾಸು. ಹಾಗಾಗಿ ಧಾರವಾಡಕ್ಕೆ ಹೋಗುವುದೋ ಬೇಡವೋ ಎಂದು ಇನ್ನೂ ಹೊಯ್ದಾಡುತ್ತಿರುವವರು, ಆ ತೀರ್ಮಾನಕ್ಕೆ ಮೊದಲೇ, ಅವ್ವನ ಹತ್ತಿರ ಕೂತು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.